ತಾಳೆ ನೋಡುವ ಮೊದಲು: ಪುಣೆಯ ಹವಾಮಾನ ದಾಖಲೆಗಳೂ ಕಂಪ್ಯೂಟರ್ ಮಾದರಿಗಳೂ

2005ರ ಜುಲೈ 26ರ ಮುಂಬಯಿ ಮಳೆಯನ್ನು ಕಂಡವರು ಯಾರೂ ಮರೆತಿಲ್ಲ. ಮಧ್ಯಾಹ್ನ ಹಿಡಿದ ಮಳೆ ರಾತ್ರಿಯೊಳಗೆ ಊರನ್ನು ಮುಳುಗಿಸಿತು; ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಈ ಸಂಖ್ಯೆಯನ್ನು ಭಾರತೀಯ ಹವಾಮಾನ ಇಲಾಖೆಯ ದೈನಿಕ ಮಳೆ ಪಟ್ಟಿಯಲ್ಲಿ ಹುಡುಕಹೊರಟರೆ 26ನೇ ತಾರೀಖಿನ ಎದುರು ಸಿಗುವುದಿಲ್ಲ, 27ರ ಎದುರು ಸಿಗುತ್ತದೆ. ತಪ್ಪೇನೂ ಆಗಿಲ್ಲ. ನಮ್ಮ ದೇಶದಲ್ಲಿ ಮಳೆಯ ದಿನ ಮುಗಿಯುವುದು ಬೆಳಿಗ್ಗೆ ಎಂಟೂವರೆಗೆ. ನಿನ್ನೆಯ ಎಂಟೂವರೆಯಿಂದ ಇಂದಿನ ಎಂಟೂವರೆಯವರೆಗೆ ಮಾಪಕದಲ್ಲಿ ಕೂಡಿದ ನೀರನ್ನು ಇಂದಿನ ಮಳೆ ಎಂದು ಬರೆದುಕೊಳ್ಳುತ್ತಾರೆ.

ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗೆ ಈ ಪದ್ಧತಿ ಗೊತ್ತಿಲ್ಲ. ಅದರ ದಿನ ಗ್ರೀನಿಚ್ ಕಾಲಮಾನದ ನಡುರಾತ್ರಿಗೆ, ಅಂದರೆ ನಮ್ಮ ಬೆಳಗಿನ ಐದೂವರೆಗೆ ಶುರುವಾಗುತ್ತದೆ. ಅದೇ ಮಳೆಯನ್ನು ಅದು ಸರಿಯಾದ ಗಂಟೆಗೇ ಸುರಿಸಿದ್ದರೂ ಅದರ ಕಡತದಲ್ಲಿ ಮಳೆ 26ಕ್ಕೆ ಸೇರುತ್ತದೆ. ಎರಡು ಕಡತಗಳನ್ನು ತಾರೀಖಿಗೆ ತಾರೀಖು ಇಟ್ಟು ತಾಳೆ ನೋಡಿದವರಿಗೆ ಮಾದರಿ ಒಂದು ದಿನ ಮುಂಚೆಯೇ ಮಳೆ ತಂದಂತೆ ಕಾಣುತ್ತದೆ. ಮಾದರಿಯ ಮೋಡಗಳ ಲೆಕ್ಕದಲ್ಲಿ ದೋಷ ಹುಡುಕುವ ಕೆಲಸ ಶುರುವಾಗುತ್ತದೆ. ದೋಷವಿದ್ದದ್ದು ತಾರೀಖಿನಲ್ಲಿ.

ಅದೇ ದಿನದ ಇನ್ನೊಂದು ಸಂಖ್ಯೆಯನ್ನೂ ನೋಡಬೇಕು. ಸಾಂತಾಕ್ರೂಜ್‌ನಿಂದ ದಕ್ಷಿಣಕ್ಕೆ, ಅದೇ ನಗರದ ಕೊಲಾಬಾದಲ್ಲಿ ಬಿದ್ದ ಮಳೆ ಸುಮಾರು 73 ಮಿ.ಮೀ. ಮಾತ್ರ. ಮುಂಬಯಿಯಷ್ಟು ಜಾಗವನ್ನು ಒಂದೇ ಚೌಕವಾಗಿ ಕಾಣುವ ಮಾದರಿಯೊಂದು ‘ಮುಂಬಯಿಯಲ್ಲಿ 300 ಮಿ.ಮೀ.’ ಎಂದು ಹೇಳಿದ್ದರೆ ಅದು ಸರಿಯೋ ತಪ್ಪೋ? ಸಾಂತಾಕ್ರೂಜ್ ಮಾಪಕ ತಪ್ಪು ಎನ್ನುತ್ತದೆ, ಕೊಲಾಬಾ ಮಾಪಕವೂ ತಪ್ಪು ಎನ್ನುತ್ತದೆ. ಇಡೀ ಚೌಕದ ಸರಾಸರಿಯನ್ನು ಅಳೆದವರು ಯಾರೂ ಇಲ್ಲದ ಕಾರಣ ಮಾದರಿ ಸರಿ ಇದ್ದಿರಲೂಬಹುದು.

ಅಳತೆಗಳನ್ನು ಮಾದರಿಗಳೊಂದಿಗೆ ತಾಳೆ ನೋಡುವಂತೆ ಒಂದು ಕ್ರಮಕ್ಕೆ ತರುವುದು ಎಂಬ ವಿಷಯದ ತಿರುಳು ಇಷ್ಟರಲ್ಲೇ ಇದೆ. ಹೊರಗಿನಿಂದ ನೋಡುವವರಿಗೆ ಇದು ಗುಮಾಸ್ತಿಕೆಯಂತೆ ಕಾಣುತ್ತದೆ. ಮುಂಗಾರು ಬಲಹೀನವಾಗುತ್ತಿದೆಯೇ, ಕುಂಭದ್ರೋಣ ಮಳೆಗಳು ಹೆಚ್ಚುತ್ತಿವೆಯೇ, ಮುಂದಿನ ಐವತ್ತು ವರ್ಷಕ್ಕೆ ಅಣೆಕಟ್ಟೆಯ ಕೋಡಿಯನ್ನು ಎಷ್ಟು ಅಗಲ ಕಟ್ಟಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ಕೆಲಸದ ಮೇಲೆ ನಿಂತಿದೆ. ಭಾರತದಲ್ಲಿ ಈ ಕೆಲಸದ ತವರು ಪುಣೆ.

1875ರಲ್ಲಿ ಶುರುವಾದ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಕಲ್ಕತ್ತೆಯಿಂದ ಸಿಮ್ಲಾಕ್ಕೆ ಹೋಗಿ, ಅಲ್ಲಿಂದ 1928ರಲ್ಲಿ ಪುಣೆಗೆ ಬಂತು. ಶಿವಾಜಿನಗರದ ಆ ಕಲ್ಲಿನ ಕಟ್ಟಡವನ್ನು ಊರಿನವರು ಇಂದಿಗೂ ಸಿಮ್ಲಾ ಆಫೀಸ್ ಎಂದೇ ಕರೆಯುತ್ತಾರೆ. 1944ರಲ್ಲಿ ಕೇಂದ್ರ ಕಚೇರಿ ದೆಹಲಿಗೆ ಹೋದರೂ ದಾಖಲೆಗಳ ಕೆಲಸ ಪುಣೆಯಲ್ಲೇ ಉಳಿಯಿತು. ಇಲಾಖೆಯ ರಾಷ್ಟ್ರೀಯ ದತ್ತಾಂಶ ಕೇಂದ್ರ 1977ರಿಂದ ಇಲ್ಲಿದೆ. ದೇಶದ ಮೂಲೆಮೂಲೆಯ ವೀಕ್ಷಣಾಲಯಗಳ ಅಂಕಿಗಳು ಕೊನೆಗೆ ಬಂದು ಸೇರುವುದು ಇಲ್ಲಿಗೇ. ಕೆಲವೇ ಕಿಲೋಮೀಟರ್ ದೂರದ ಪಾಷಾಣದಲ್ಲಿ 1962ರಲ್ಲಿ ಹುಟ್ಟಿದ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ, ಜನ ಹೇಳುವಂತೆ ಐಐಟಿಎಂ, ಇದೆ. ಮಾದರಿಗಳು ಓಡುವುದು ಅಲ್ಲಿ. 2018ರಲ್ಲಿ ಬಂದ ‘ಪ್ರತ್ಯೂಷ್’ ಮತ್ತು 2024ರಲ್ಲಿ ಬಂದ ‘ಅರ್ಕ’ ಸೂಪರ್ ಕಂಪ್ಯೂಟರುಗಳಿರುವುದೂ ಅಲ್ಲೇ. ಅಳತೆಯವರು ಒಂದು ಬಡಾವಣೆಯಲ್ಲಿ, ಮಾದರಿಯವರು ಇನ್ನೊಂದರಲ್ಲಿ. ಅವರ ಕಡತಗಳು ಮಾತ್ರ ಬಹುಕಾಲ ಬೇರೆ ಬೇರೆ ಭಾಷೆಯಲ್ಲಿ ಬರೆದವಾಗಿದ್ದವು.

ಉದಾಹರಣೆಗೆ ಮಳೆಯನ್ನೇ ತೆಗೆದುಕೊಳ್ಳೋಣ. ಮಾಪಕದವರು ದಿನಕ್ಕೆ ಇಷ್ಟು ಮಿಲಿಮೀಟರ್ ಎಂದು ಬರೆಯುತ್ತಾರೆ. ಮಾದರಿ ಒಂದು ಚದರ ಮೀಟರಿಗೆ ಒಂದು ಸೆಕೆಂಡಿನಲ್ಲಿ ಎಷ್ಟು ಕಿಲೋಗ್ರಾಂ ನೀರು ಬಿತ್ತು ಎಂದು ಬರೆಯುತ್ತದೆ. ಒಂದು ಚದರ ಮೀಟರಿನ ಮೇಲೆ ಹರಡಿದ ಒಂದು ಕಿಲೋ ನೀರು ಒಂದು ಮಿಲಿಮೀಟರ್ ಆಳವಾಗುವುದರಿಂದ, ಮಾದರಿಯ ಸಂಖ್ಯೆಯನ್ನು 86,400ರಿಂದ ಗುಣಿಸಿದರೆ ನಮ್ಮ ಲೆಕ್ಕ ಸಿಗುತ್ತದೆ. ಉಷ್ಣಾಂಶ ಇಲ್ಲಿ ಸೆಲ್ಸಿಯಸ್, ಅಲ್ಲಿ ಕೆಲ್ವಿನ್. ಇವು ಸುಲಭದ ಸಂಗತಿಗಳು. ಒಮ್ಮೆ ಬರೆದಿಟ್ಟರೆ ಕಂಪ್ಯೂಟರೇ ಮಾಡುತ್ತದೆ. ಬರೆದಿಡದಿದ್ದರೆ ಪ್ರತಿಯೊಬ್ಬ ಸಂಶೋಧನಾ ವಿದ್ಯಾರ್ಥಿಯೂ ಹೊಸದಾಗಿ ಎಡವುತ್ತಾನೆ. ದೇಶವನ್ನು ಚೌಕಗಳಾಗಿ ಹಂಚಿ ಅಂಕಿ ತುಂಬಿದ ಹವಾಮಾನ ಇಲಾಖೆಯ ಗ್ರಿಡ್ ಕಡತಗಳಲ್ಲಿ ಮಳೆಯ ಅಂಕಿ ಇಲ್ಲದ ಚೌಕಕ್ಕೆ -999 ಎಂದೂ, ಉಷ್ಣಾಂಶದ ಅಂಕಿ ಇಲ್ಲದ ಚೌಕಕ್ಕೆ 99.9 ಎಂದೂ ತುಂಬಿರುತ್ತಾರೆ. ಮೊದಲನೆಯದನ್ನು ಮರೆತರೆ ಸರಾಸರಿ ಮಳೆ ಸೊನ್ನೆಗಿಂತ ಕೆಳಗೆ ಹೋಗಿ ತಪ್ಪು ತಾನಾಗಿ ಬಯಲಾಗುತ್ತದೆ. ಎರಡನೆಯದು ಅಪಾಯಕಾರಿ: ನೂರು ಚೌಕಗಳಲ್ಲಿ ನಾಲ್ಕೈದು ಹೀಗಿದ್ದರೆ ಸರಾಸರಿ ಎರಡು ಮೂರು ಡಿಗ್ರಿ ಏರುತ್ತದೆ, ನೋಡಿದವರಿಗೆ ಅದು ಬಿಸಿಗಾಳಿಯಂತೆಯೇ ಕಾಣಬಹುದು.

ಕ್ಯಾಲೆಂಡರಿನದು ಬೇರೊಂದು ತೊಡಕು. ಬ್ರಿಟನ್ನಿನ ಹ್ಯಾಡ್ಲಿ ಕೇಂದ್ರದ ಮಾದರಿಗಳಂಥ ಕೆಲವು ಮಾದರಿಗಳಿಗೆ ವರ್ಷಕ್ಕೆ 360 ದಿನ, ಎಲ್ಲ ತಿಂಗಳಿಗೂ ಮೂವತ್ತೇ ದಿನ. ಇನ್ನು ಕೆಲವಕ್ಕೆ ಅಧಿಕ ವರ್ಷವೇ ಇಲ್ಲ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗಿನ ನಮ್ಮ ಮುಂಗಾರು 122 ದಿನ. 360 ದಿನದ ಮಾದರಿಗಳಲ್ಲಿ 120 ದಿನ. ಋತುವಿನ ಒಟ್ಟು ಮಳೆಯನ್ನು ಹೋಲಿಸುವವರು ಇದನ್ನು ಗಮನಿಸದಿದ್ದರೆ ಎರಡು ದಿನದ ಮಳೆ ಎಲ್ಲಿ ಹೋಯಿತೆಂದು ತಿಳಿಯುವುದೇ ಇಲ್ಲ.

ಈ ಗೊಂದಲವನ್ನು ನಿವಾರಿಸಲು ಜಗತ್ತು ಮಾಡಿಕೊಂಡ ಏರ್ಪಾಡುಗಳು ಮೊದಲು ಬಂದದ್ದು ಮಾದರಿಗಳ ಕಡೆಯಿಂದ. ಬೇರೆ ಬೇರೆ ದೇಶಗಳ ಮಾದರಿಗಳನ್ನು ಒಂದೇ ಪರೀಕ್ಷೆಗೆ ಕೂರಿಸುವ ‘ಸಿಎಂಐಪಿ’ ಯೋಜನೆ 1995ರಲ್ಲಿ ಶುರುವಾಯಿತು. ಹತ್ತಾರು ಸಂಸ್ಥೆಗಳ ಕಡತಗಳನ್ನು ಒಟ್ಟಿಗೆ ಓದಬೇಕಾದಾಗ ಒಂದು ಕಟ್ಟುಪಾಡು ಬೇಕಾಯಿತು. ನೆಟ್‌ಸಿಡಿಎಫ್ ಎಂಬ ಕಡತದ ರೂಪ, ಅದರೊಳಗೆ ಏನನ್ನು ಯಾವ ಹೆಸರಿನಲ್ಲಿ ಯಾವ ಮಾನದಲ್ಲಿ ಬರೆಯಬೇಕೆಂದು ಹೇಳುವ ‘ಸಿಎಫ್’ ನಿಯಮಾವಳಿ (ಅದರ ಮೊದಲ ಆವೃತ್ತಿ 2003ರದು), ಆ ನಿಯಮಕ್ಕೆ ಕಡತವನ್ನು ಒಗ್ಗಿಸುವ ತಂತ್ರಾಂಶಗಳು, ಎಲ್ಲರ ಕಡತಗಳನ್ನೂ ಹಂಚುವ ಜಾಗತಿಕ ಜಾಲ ಹೀಗೆ ಬಂದವು. ಕಡತದೊಳಗೇ ‘ಇದು ದಿನದ ಸರಾಸರಿ’, ‘ಇದು ಎರಡು ಮೀಟರ್ ಎತ್ತರದ ಗಾಳಿಯ ಉಷ್ಣಾಂಶ’, ‘ಈ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ’ ಎಂದು ಬರೆದಿರಬೇಕೆಂಬುದು ಆ ನಿಯಮಾವಳಿಯ ಸಾರ. ಅಳತೆಗಳಿಗೂ ಇದೇ ಉಡುಪು ತೊಡಿಸಬೇಕೆಂದು ಅಮೆರಿಕದ ನಾಸಾ ಮತ್ತು ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು 2010ರ ಆಸುಪಾಸಿನಲ್ಲಿ ‘ಆಬ್ಸ್‌ಫಾರ್‌ಮಿಪ್ಸ್’ ಎಂಬ ಕೆಲಸ ಕೈಗೆತ್ತಿಕೊಂಡರು. ಉಪಗ್ರಹದ ಮಾಹಿತಿಯಿಂದ ಆರಂಭವಾಗಿ ಬೇರೆ ಅಳತೆಗಳಿಗೂ ಅದು ಹಬ್ಬಿತು.

ಐಐಟಿಎಂನ ಭೂವ್ಯವಸ್ಥೆ ಮಾದರಿ ಸಿಎಂಐಪಿಯ ಆರನೇ ಸುತ್ತಿಗೆ ಭಾರತದಿಂದ ಹೋದ ಮೊದಲ ಮಾದರಿ. ಅದರ ಕಡತಗಳು ಈ ನಿಯಮಗಳಿಗೆ ತಕ್ಕಂತೆ ಪುಣೆಯ ಕಂಪ್ಯೂಟರುಗಳಿಂದಲೇ ಜಗತ್ತಿಗೆ ಸಿಗುತ್ತವೆ. ನಮ್ಮ ಮಾದರಿಯ ಲೆಕ್ಕ ಹೀಗೆ ಸರ್ವರೂ ಓದುವ ರೂಪಕ್ಕೆ ಬಂತು. ನಮ್ಮ ಅಳತೆಗಳ ಲೆಕ್ಕ ಆ ರೂಪಕ್ಕೆ ಇನ್ನೂ ಪೂರ್ತಿ ಬಂದಿಲ್ಲ. ಇಲಾಖೆಯ ಗ್ರಿಡ್ ಕಡತಗಳನ್ನು ಈಗ ಪುಣೆಯ ಕಚೇರಿ ಜಾಲತಾಣದಲ್ಲೇ ಕೊಡುತ್ತದೆ, ಅವನ್ನು ಓದಲು ‘ಐಎಂಡಿಲಿಬ್’ ಎಂಬ ತಂತ್ರಾಂಶವನ್ನೂ ಸಂಶೋಧಕರು ಬರೆದು ಎಲ್ಲರಿಗೂ ಬಿಟ್ಟಿದ್ದಾರೆ. ಇದು ದೊಡ್ಡ ಉಪಕಾರ. ಆದರೆ ಕಡತದ ರೂಪ ಸರಿಯಾದ ಮಾತ್ರಕ್ಕೆ ತಾಳೆ ನೋಡುವ ಕೆಲಸ ಮುಗಿಯುವುದಿಲ್ಲ. ಒಳಗಿನ ಸಂಖ್ಯೆ ಹೇಗೆ ಹುಟ್ಟಿತು ಎಂಬುದೇ ಮುಖ್ಯ. ಅದನ್ನು ತಿಳಿಯಲು ಉಪಕರಣಗಳು ಇಲ್ಲಿ ತಯಾರಾಗತೊಡಗಿದ ಕಾಲಕ್ಕೆ ಹೋಗಬೇಕು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1948ರಲ್ಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದ್ದ ಅಣ್ಣಾ ಮಣಿ ಪುಣೆಯ ಉಪಕರಣ ವಿಭಾಗಕ್ಕೆ ಸೇರಿದರು. ಆಗ ಉಷ್ಣಮಾಪಕ, ವಾಯುಭಾರಮಾಪಕಗಳಂಥ ಸರಳ ಸಾಧನಗಳೂ ಹೊರದೇಶದಿಂದ ಬರಬೇಕಿತ್ತು. ಅವರು ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದು ಮಾನಕ್ಕೆ ತಂದು ಇಲ್ಲಿಯೇ ತಯಾರಿಸುವಂತೆ ಮಾಡಿದರು. ಬಿಸಿಲಿನ ಶಕ್ತಿಯನ್ನು ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. ಆಕಾಶಕ್ಕೆ ಬಲೂನಿನಲ್ಲಿ ಹೋಗಿ ಓಝೋನ್ ಅಳೆಯುವ ಸಾಧನವನ್ನು ಪುಣೆಯಲ್ಲಿ ರೂಪಿಸಿದರು. ತಪ್ಪಾದ ಅಳತೆಗಿಂತ ಅಳತೆ ಇಲ್ಲದಿರುವುದೇ ಮೇಲು ಎಂಬಷ್ಟು ಕಟ್ಟುನಿಟ್ಟು ಅವರದು ಎಂದು ಜೊತೆಗೆ ಕೆಲಸ ಮಾಡಿದವರು ನೆನೆಯುತ್ತಿದ್ದರು. ನಿವೃತ್ತಿಯ ನಂತರ ಬೆಂಗಳೂರಿಗೆ ಬಂದು ಗಾಳಿ ಮತ್ತು ಸೌರಶಕ್ತಿ ಅಳೆಯುವ ಸಾಧನಗಳ ಕಾರ್ಯಾಗಾರ ನಡೆಸಿದರು. ಇಂದು ಮಾದರಿಯೊಂದು ದಖ್ಖನ್ನಿನ ಮೇಲೆ ಎಷ್ಟು ಬಿಸಿಲು ಬೀಳುತ್ತದೆಂದು ಹೇಳಿದಾಗ, ಅದನ್ನು ಪರೀಕ್ಷಿಸಲು ಹಳೆಯ ಅಂಕಿ ಸಿಗುವುದು ಅಣ್ಣಾ ಮಣಿಯವರ ಈ ಹಠದಿಂದ.

ಅಳತೆಯನ್ನು ನೆಲದಿಂದ ಯಾವ ಎತ್ತರದಲ್ಲಿ ಮಾಡಿದರು ಎಂಬ ವಿಷಯಕ್ಕೂ ಪುಣೆಯಲ್ಲೇ ಒಂದು ಕಥೆಯಿದೆ. ಕೃಷಿ ಹವಾಮಾನ ವಿಜ್ಞಾನಕ್ಕೆ ನಮ್ಮಲ್ಲಿ ಅಡಿಪಾಯ ಹಾಕಿದ ಎಲ್.ಎ. ರಾಮದಾಸ್ 1932ರಲ್ಲಿ ಇಲ್ಲಿ ನೆಲಕ್ಕೆ ಹತ್ತಿರದ ಗಾಳಿಯ ಉಷ್ಣಾಂಶವನ್ನು ಹಂತಹಂತವಾಗಿ ಅಳೆದರು. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿಗಳಲ್ಲಿ ಅತಿ ತಂಪಾದ ಜಾಗ ನೆಲವೇ ಎಂದು ಎಲ್ಲರೂ ತಿಳಿದಿದ್ದರು. ಅವರಿಗೆ ಕಂಡದ್ದು ಬೇರೆ: ನೆಲದಿಂದ ಕೆಲವು ಗೇಣು ಮೇಲೆ ಗಾಳಿ ನೆಲಕ್ಕಿಂತ ತಂಪಾಗಿತ್ತು. ಬಹಳ ಜನ ನಂಬಲಿಲ್ಲ, ಅಳತೆಯ ದೋಷವೆಂದರು. ದಶಕಗಳ ನಂತರ ಬೆಂಗಳೂರಿನಲ್ಲಿ ರೊದ್ದಂ ನರಸಿಂಹ ಮತ್ತು ಅವರ ಸಂಗಡಿಗರು ಗಾಳಿ ಮತ್ತು ನೆಲ ಶಾಖವನ್ನು ಹೊರಸೂಸುವ ಬಗೆಯನ್ನು ಲೆಕ್ಕ ಹಾಕಿ ಇದಕ್ಕೆ ವಿವರಣೆ ಕೊಟ್ಟರು. ‘ರಾಮದಾಸ್ ಪದರ’ ಎಂಬ ಹೆಸರು ನಿಂತಿತು. ಒಂದೆರಡು ಅಡಿ ಎತ್ತರದ ವ್ಯತ್ಯಾಸದಲ್ಲೇ ಉಷ್ಣಾಂಶ ಹೀಗೆ ಬದಲಾಗುವುದಾದರೆ, ಬಿಳಿ ಬಣ್ಣದ ಸ್ಟೀವನ್‌ಸನ್ ಪೆಟ್ಟಿಗೆಯೊಳಗೆ ನೆಲದಿಂದ ನಾಲ್ಕಡಿ ಮೇಲಿಟ್ಟ ಉಷ್ಣಮಾಪಕದ ಅಂಕಿಯನ್ನು ಮಾದರಿಯ ಎರಡು ಮೀಟರ್ ಉಷ್ಣಾಂಶದೊಂದಿಗೆ ಹೋಲಿಸುವವರು ಎಚ್ಚರವಾಗಿರಲೇಬೇಕು. ಮಾದರಿಯೂ ಎರಡು ಮೀಟರಿನಲ್ಲಿ ನಿಜವಾಗಿ ಲೆಕ್ಕ ಹಾಕುವುದಿಲ್ಲ. ನೆಲದ ಮತ್ತು ಹತ್ತಾರು ಮೀಟರ್ ಮೇಲಿನ ತನ್ನ ಮೊದಲ ಪದರದ ನಡುವೆ ಸೂತ್ರವೊಂದರಿಂದ ಅಂದಾಜು ಮಾಡುತ್ತದೆ. ಆ ಸೂತ್ರ ಕೈಕೊಡುವುದು ಇಂಥ ನಿಶ್ಚಲ ರಾತ್ರಿಗಳಲ್ಲೇ.

ದಿನದ ಸರಾಸರಿ ಉಷ್ಣಾಂಶವೂ ಹಾಗೆಯೇ. ಗರಿಷ್ಠ ಮತ್ತು ಕನಿಷ್ಠವನ್ನು ಕೂಡಿ ಎರಡರಿಂದ ಭಾಗಿಸುವುದು ವೀಕ್ಷಣಾಲಯಗಳ ಹಳೆಯ ರೂಢಿ. ಮಾದರಿ ಕೆಲವು ನಿಮಿಷಕ್ಕೊಮ್ಮೆ ಲೆಕ್ಕ ಹಾಕಿ ಎಲ್ಲವನ್ನೂ ಕೂಡಿ ಸರಾಸರಿ ತೆಗೆಯುತ್ತದೆ. ಎರಡೂ ‘ದಿನದ ಸರಾಸರಿ’ಯೇ, ಎರಡರ ನಡುವಿನ ವ್ಯತ್ಯಾಸ ಋತುವಿನಿಂದ ಋತುವಿಗೆ ಬದಲಾಗುತ್ತದೆ. ಮಾದರಿಯ ಗರಿಷ್ಠ ಮತ್ತು ಕನಿಷ್ಠಗಳಿಂದಲೇ ಸರಾಸರಿ ತೆಗೆದು ಹೋಲಿಸುವುದು ನ್ಯಾಯ. ಅಳತೆಯವರಿಗೆ ಇಪ್ಪತ್ನಾಲ್ಕು ಗಂಟೆಯ ಅಂಕಿ ಇಲ್ಲದಿದ್ದರೂ ಮಾದರಿಗೆ ಎಲ್ಲವೂ ಇದೆ, ಬಗ್ಗಬೇಕಾದದ್ದು ಇದ್ದವರೇ.

ಇನ್ನು ಈ ಇಡೀ ಚರ್ಚೆಯ ಅತಿ ಬಿಸಿ ಜಾಗಕ್ಕೆ ಬರೋಣ: ಗ್ರಿಡ್. ಮಳೆಮಾಪಕಗಳು ಎಲ್ಲೆಂದರಲ್ಲಿವೆ, ಮಾದರಿಯ ಚೌಕಗಳು ಸಾಲಾಗಿವೆ. ಆದ್ದರಿಂದ ಮಾಪಕಗಳ ಅಂಕಿಗಳನ್ನು ಚೌಕಗಳ ಮೇಲೆ ಹಂಚಬೇಕು. ಹತ್ತಿರದ ಮಾಪಕಕ್ಕೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ ತೂಕ ಕೊಡುವ ಶೆಪರ್ಡ್ ವಿಧಾನವನ್ನು ಪುಣೆಯವರು ಬಳಸಿದ್ದಾರೆ. 2006ರಲ್ಲಿ ರಾಜೀವನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಡಿಗ್ರಿ ಚೌಕದ ಮಳೆ ಗ್ರಿಡ್ಡಿಗೆ 1,803 ಕೇಂದ್ರಗಳನ್ನು ಆರಿಸಿಕೊಂಡಿದ್ದರು. 1951ರಿಂದ 2003ರವರೆಗಿನ ದಿನಗಳಲ್ಲಿ ಶೇ 90ರಷ್ಟಾದರೂ ಅಂಕಿ ಇರುವ ಕೇಂದ್ರಗಳು ಮಾತ್ರ ಅವು. 2014ರಲ್ಲಿ ಪೈ ಮತ್ತು ಸಂಗಡಿಗರು ಕಾಲು ಡಿಗ್ರಿಯ, ಅಂದರೆ ಸುಮಾರು 27 ಕಿ.ಮೀ. ಅಗಲದ ಚೌಕಗಳ ಗ್ರಿಡ್ ತಂದರು. ಇದಕ್ಕೆ 6,955 ಕೇಂದ್ರಗಳು, ಅವಧಿ 1901ರಿಂದ. ಆದರೆ ಎಲ್ಲ ಕೇಂದ್ರಗಳೂ ಎಲ್ಲ ಕಾಲಕ್ಕೂ ಇರಲಿಲ್ಲ. ಕೆಲವು ನಡುವೆ ಹುಟ್ಟಿದವು, ಕೆಲವು ನಿಂತುಹೋದವು, ಕೆಲವು ವರ್ಷಗಟ್ಟಲೆ ವರದಿ ಕಳಿಸಲಿಲ್ಲ.

ಎರಡು ಗ್ರಿಡ್‌ಗಳೂ ಪ್ರಾಮಾಣಿಕ ಕೆಲಸಗಳೇ, ಉದ್ದೇಶ ಬೇರೆ. ಒಂದರಲ್ಲಿ ವಿವರ ಕಡಿಮೆ, ಕಾಲದಿಂದ ಕಾಲಕ್ಕೆ ಸಮಾನತೆ ಹೆಚ್ಚು. ಇನ್ನೊಂದರಲ್ಲಿ ವಿವರ ಹೆಚ್ಚು, ಕಾಲದ ಸಮಾನತೆ ಕಡಿಮೆ. ಒಂದು ವರ್ಷದ ಮಳೆಯ ಹಂಚಿಕೆಯನ್ನು ಮಾದರಿಯೊಂದಿಗೆ ಹೋಲಿಸಬೇಕಾದರೆ ಎರಡನೆಯದು ಬೇಕು. ಐವತ್ತು ವರ್ಷಗಳಲ್ಲಿ ಭಾರಿ ಮಳೆ ಏರಿತೇ ಇಳಿಯಿತೇ ಎಂದು ನೋಡಬೇಕಾದರೆ ಮೊದಲನೆಯದರ ಶಿಸ್ತು ಬೇಕು. ಚೌಕದಲ್ಲಿ ಒಂದೇ ಮಾಪಕವಿದ್ದಾಗ ಅದರ ಮೇಲೆ ಬಿದ್ದ ಜಡಿಮಳೆ ಇಡೀ ಚೌಕದ ಮಳೆಯಾಗುತ್ತದೆ. ಹತ್ತು ಮಾಪಕಗಳಿದ್ದರೆ ಅದೇ ಮಳೆ ಸರಾಸರಿಯಲ್ಲಿ ತೆಳುವಾಗುತ್ತದೆ. ಒಂದೂ ಇಲ್ಲದಿದ್ದರೆ ಆ ಮಳೆ ದಾಖಲೆಯಲ್ಲಿ ಬಿದ್ದೇ ಇಲ್ಲ. ಮಾಪಕಗಳ ಸಂಖ್ಯೆ ಬದಲಾದರೆ, ಆಕಾಶ ಬದಲಾಗದಿದ್ದರೂ, ಭಾರಿ ಮಳೆಯ ಎಣಿಕೆ ಬದಲಾಗುತ್ತದೆ.

ಇದರ ಪರಿಣಾಮ ಚಿಕ್ಕದಲ್ಲ. 2006ರಲ್ಲಿ ಐಐಟಿಎಂನ ಬಿ.ಎನ್. ಗೋಸ್ವಾಮಿ ಮತ್ತು ಸಂಗಡಿಗರು ಮಧ್ಯ ಭಾರತದಲ್ಲಿ ಭಾರಿ ಮಳೆಯ ಘಟನೆಗಳು 1951ರಿಂದ 2000ದವರೆಗೆ ಹೆಚ್ಚಿವೆ ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. 2012ರಲ್ಲಿ ಸುಬಿಮಲ್ ಘೋಷ್ ಮತ್ತಿತರರು ಇಡೀ ದೇಶಕ್ಕೆ ಒಂದೇ ಬಗೆಯ ಏರಿಕೆ ಕಾಣುವುದಿಲ್ಲ, ಜಾಗದಿಂದ ಜಾಗಕ್ಕೆ ವ್ಯತ್ಯಾಸವೇ ಹೆಚ್ಚುತ್ತಿದೆ ಎಂದರು. 2017ರಲ್ಲಿ ಐಐಟಿಎಂನ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು, ಮಧ್ಯ ಭಾರತದ ವಿಶಾಲ ಪ್ರದೇಶವನ್ನು ಆವರಿಸುವ ಅತಿ ಮಳೆಗಳು 1950ರಿಂದ 2015ರೊಳಗೆ ಮೂರು ಪಟ್ಟಾಗಿವೆ ಎಂದು ಬರೆದರು. 2019ರಲ್ಲಿ ಲಿನ್ ಮತ್ತು ಹೈಬರ್ಸ್ ಎಂಬ ಇಬ್ಬರು ಸಂಶೋಧಕರು, ಮಳೆ ಬಿದ್ದೂ ಯಾರೂ ವರದಿ ಮಾಡದಿದ್ದರೆ ಈ ಪ್ರವೃತ್ತಿಗಳು ಎಷ್ಟು ನಿಜ ಎಂಬ ಪ್ರಶ್ನೆಯನ್ನೇ ಎತ್ತಿ, ಮಾಪಕಗಳ ಜಾಲ ಬದಲಾದದ್ದರಿಂದ ಗ್ರಿಡ್ಡಿನಲ್ಲಿ ಬರುವ ವ್ಯತ್ಯಾಸದತ್ತ ಗಮನ ಸೆಳೆದರು. ಭಾರಿ ಮಳೆಗಳು ಹೆಚ್ಚುತ್ತಿವೆ ಎಂಬ ತೀರ್ಮಾನವನ್ನು ಬೆಚ್ಚನೆಯ ಗಾಳಿ ಹೆಚ್ಚು ನೀರಾವಿ ಹೊರುತ್ತದೆಂಬ ಭೌತಶಾಸ್ತ್ರವೂ ಬೆಂಬಲಿಸುತ್ತದೆ, ನಾನೂ ಅದನ್ನು ಒಪ್ಪುತ್ತೇನೆ. ಎಷ್ಟು ಹೆಚ್ಚಾಯಿತು ಎಂಬ ಸಂಖ್ಯೆಯನ್ನು ಮಾತ್ರ ಯಾವ ಕೇಂದ್ರ ಯಾವ ವರ್ಷ ಇತ್ತು ಎಂಬ ಪಟ್ಟಿ ಕೈಯಲ್ಲಿಲ್ಲದೆ ಹೇಳಬಾರದು. ಮಾದರಿ ಆ ಸಂಖ್ಯೆಯನ್ನು ಮುಟ್ಟಲಿಲ್ಲವೆಂದು ಅದನ್ನು ದೂರುವುದಂತೂ ಇನ್ನೂ ಅವಸರದ ಮಾತು.

ಘಟ್ಟದ ಸೀಮೆಯಲ್ಲಿ ಈ ತೊಂದರೆ ಇಮ್ಮಡಿ. ಪುಣೆಗೆ ವರ್ಷಕ್ಕೆ ಏಳೆಂಟು ನೂರು ಮಿ.ಮೀ. ಮಳೆಯಾದರೆ, ರಸ್ತೆಯಲ್ಲಿ 120 ಕಿ.ಮೀ. ದೂರದ ಮಹಾಬಲೇಶ್ವರಕ್ಕೆ 5,000 ಮಿ.ಮೀ. ದಾಟುತ್ತದೆ. ನಮ್ಮ ಆಗುಂಬೆಯಲ್ಲಿ 7,000 ಮಿ.ಮೀ. ಮೀರುತ್ತದೆ, ಘಟ್ಟದ ಪೂರ್ವಕ್ಕಿಳಿದರೆ ಅದರ ಸಣ್ಣ ಪಾಲು ಮಾತ್ರ. ಐಐಟಿಎಂ ಮಾದರಿ ಸಿಎಂಐಪಿಗೆ ಕೊಟ್ಟ ಲೆಕ್ಕದಲ್ಲಿ ಒಂದು ಚೌಕದ ಅಗಲ ಸುಮಾರು 200 ಕಿ.ಮೀ. ಕೊಂಕಣ, ಘಟ್ಟ, ಪುಣೆ ಎಲ್ಲ ಅದರಲ್ಲಿ ಒಂದೇ. ಅಂಥ ಚೌಕದ ಮಳೆಯನ್ನು ಆಗುಂಬೆಯ ಮಾಪಕದೊಂದಿಗೆ ಹೋಲಿಸುವುದು ಅನ್ಯಾಯ. ಅಳತೆಗಳನ್ನೇ ದೊಡ್ಡ ಚೌಕಕ್ಕೆ ಕೂಡಿಸಿ, ನೀರಿನ ಒಟ್ಟು ಮೊತ್ತ ಕೆಡದಂತೆ ಸರಾಸರಿ ತೆಗೆದು, ಆಮೇಲೆ ಹೋಲಿಸಬೇಕು. ಆದರೆ ಮಾಪಕಗಳು ಹೆಚ್ಚಾಗಿ ಊರು, ತಾಲ್ಲೂಕು ಕಚೇರಿ, ರಸ್ತೆ ಇರುವಲ್ಲಿವೆ. ಹೆಚ್ಚು ಮಳೆ ಬೀಳುವ ನೆತ್ತಿಯ ಕಾಡಿನಲ್ಲಿ ಇಲ್ಲ. ಗಾಳಿ ಜೋರಿದ್ದರೆ ಮಾಪಕದ ಬಾಯಿಗೆ ಬೀಳಬೇಕಾದ ಹನಿಗಳೂ ಹಾರಿಹೋಗುತ್ತವೆ. ಆದ್ದರಿಂದ ಘಟ್ಟದಲ್ಲಿ ಮಾದರಿ ‘ಹೆಚ್ಚು’ ಮಳೆ ಕೊಟ್ಟಿತೆಂದು ಕಂಡಾಗ, ನಮ್ಮ ಮಾಪಕಗಳೇ ಕಡಿಮೆ ಕಂಡಿವೆಯೇ ಎಂದು ಮೊದಲು ಕೇಳಿಕೊಳ್ಳಬೇಕು. 2025ರ ಮೇ ತಿಂಗಳಲ್ಲಿ ಬಂದ, ಐಐಟಿಎಂ ರೂಪಿಸಿದ 6 ಕಿ.ಮೀ. ಚೌಕದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಎಂಬ ಮುನ್ಸೂಚನೆಯ ಮಾದರಿ ಈಗ ಅಳತೆಯ ಗ್ರಿಡ್ಡಿಗಿಂತ ಸೂಕ್ಷ್ಮವಾಗಿಬಿಟ್ಟಿದೆ. 27 ಕಿ.ಮೀ. ಚೌಕದ ಅಳತೆಯಿಂದ 6 ಕಿ.ಮೀ. ಮಾದರಿಯ ಹೆಚ್ಚುಗಾರಿಕೆಯನ್ನು ಹೇಗೆ ಪರೀಕ್ಷಿಸುವುದು?

ಇಲ್ಲಿ ಕರ್ನಾಟಕದ ಅನುಭವ ಉಪಯೋಗಕ್ಕೆ ಬರುತ್ತದೆ. ಬರ ಪರಿಶೀಲನೆಗೆಂದು 1988ರಲ್ಲಿ ಶುರುವಾದ ಘಟಕವೇ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಅದು ನೆಟ್ಟಿದೆ. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಬರುತ್ತದೆ. ಇಷ್ಟು ದಟ್ಟ ಜಾಲ ಬೇರೆ ರಾಜ್ಯಗಳಲ್ಲಿ ಅಪರೂಪ. ಎಂಟೂವರೆಯ ಜಗಳವೂ ಇಲ್ಲಿ ಇಲ್ಲ, ಹದಿನೈದು ನಿಮಿಷದ ಅಂಕಿಯಿಂದ ಯಾವ ಗಂಟೆಗೆ ಬೇಕಾದರೂ ದಿನ ಕಟ್ಟಬಹುದು. ಆದರೆ ಈ ಮಾಪಕಗಳು ಪುಟ್ಟ ಬಟ್ಟಲು ತುಂಬಿ ಮಗುಚಿದಾಗಲೆಲ್ಲ ಒಂದು ಎಣಿಸುವ ಬಗೆಯವು. ಜಡಿಮಳೆಯಲ್ಲಿ ಬಟ್ಟಲು ಮಗುಚುವಷ್ಟರಲ್ಲಿ ಸ್ವಲ್ಪ ನೀರು ಲೆಕ್ಕ ತಪ್ಪುತ್ತದೆ. ಹಳೆಯ ಕೈಮಾಪಕದ ಸರಣಿಗೆ ಇದನ್ನು ಹಾಗೆಯೇ ಜೋಡಿಸಿದರೆ ಇತ್ತೀಚೆಗೆ ಭಾರಿ ಮಳೆ ಇಳಿದಂತೆ ತೋರೀತು. ಎರಡೂ ಬಗೆಯ ಮಾಪಕಗಳನ್ನು ಕೆಲವು ವರ್ಷ ಅಕ್ಕಪಕ್ಕದಲ್ಲಿಟ್ಟು ಅಳೆದು, ಆ ವ್ಯತ್ಯಾಸವನ್ನು ಪ್ರಕಟಿಸದೆ ಜೋಡಣೆ ಮಾಡಬಾರದು.

ಸ್ವಯಂಚಾಲಿತ ಕೇಂದ್ರಗಳ ಮೇಲೆ ಕುರುಡು ನಂಬಿಕೆ ಎಷ್ಟು ಅಪಾಯವೆಂದು 2024ರ ಮೇ 29 ತೋರಿಸಿತು. ದೆಹಲಿಯ ಮುಂಗೇಶ್‌ಪುರದ ಕೇಂದ್ರ 52.9 ಡಿಗ್ರಿ ಸೆಲ್ಸಿಯಸ್ ಎಂದಿತು. ದೇಶದ ದಾಖಲೆಯೇ ಮುರಿಯಿತೆಂದು ಜಗತ್ತಿನೆಲ್ಲೆಡೆ ಸುದ್ದಿಯಾಯಿತು. ಪರಿಶೀಲಿಸಿದಾಗ ಅಲ್ಲಿನ ಸೆನ್ಸರ್ ಸುಮಾರು 3 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಇಲಾಖೆ ಬೇಗ ಪರೀಕ್ಷಿಸಿ ಹೇಳಿತು, ಅದು ಮೆಚ್ಚಬೇಕಾದದ್ದು. ಆದರೆ ಸುದ್ದಿಯಾಗದ ಕೇಂದ್ರದಲ್ಲಿ 3 ಡಿಗ್ರಿ ಬೇಡ, ಒಂದು ಡಿಗ್ರಿ ಹೀಗೆ ವರ್ಷಗಟ್ಟಲೆ ಜಾರಿದ್ದರೆ ಯಾರು ನೋಡುತ್ತಾರೆ? 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣಾಂಶ ಏರಿದ್ದು ಸುಮಾರು 0.7 ಡಿಗ್ರಿ ಎಂದು ಐಐಟಿಎಂ ನೇತೃತ್ವದ 2020ರ ವರದಿ ಹೇಳುತ್ತದೆ. ಒಂದು ಶತಮಾನದ ಬದಲಾವಣೆಗಿಂತ ಒಂದು ಕೆಟ್ಟ ಸೆನ್ಸರಿನ ತಪ್ಪು ದೊಡ್ಡದಿರಬಹುದು.

ಉಪಗ್ರಹಗಳ ವಿಷಯ ಚುಟುಕಾಗಿ ಹೇಳಿದರೆ ಸಾಕು, ಅಲ್ಲಿ ಕ್ರಮ ಆಗಲೇ ಚೆನ್ನಾಗಿ ಕೂತಿದೆ. ಉಪಗ್ರಹ ಮೋಡವನ್ನು ಮೇಲಿನಿಂದ ಕಾಣುತ್ತದೆ, ಮೇಲಿನ ಪದರ ಕೆಳಗಿನದನ್ನು ಮರೆಮಾಡುತ್ತದೆ. ಮಾದರಿಗೆ ಎಲ್ಲ ಪದರವೂ ಗೊತ್ತು. ಆದ್ದರಿಂದ ಮಾದರಿಯ ಮೋಡಗಳನ್ನು ಉಪಗ್ರಹದ ಕಣ್ಣಿಗೆ ಕಾಣುವಂತೆ ಮೊದಲು ಪರಿವರ್ತಿಸಿ ಆಮೇಲೆ ಹೋಲಿಸುತ್ತಾರೆ. ನೆಲದ ಅಳತೆಗಳಿಗೂ ಇದೇ ನ್ಯಾಯ ಸಲ್ಲಬೇಕು: ಮಾದರಿಯನ್ನು ಎಂಟೂವರೆಯ ದಿನಕ್ಕೆ, ಆ ವರ್ಷ ನಿಜವಾಗಿ ಇದ್ದ ಮಾಪಕಗಳ ಜಾಗಕ್ಕೆ ಬಗ್ಗಿಸಿ ನೋಡಬೇಕು.

‘ವಾಡಿಕೆ ಮಳೆ’ ಎಂಬುದೂ ನಿಂತ ನೀರಲ್ಲ. 1961–2010ರ ಅಂಕಿಗಳಿಂದ ದೇಶದ ಮುಂಗಾರು ವಾಡಿಕೆ 880.6 ಮಿ.ಮೀ. ಇತ್ತು. 2022ರಲ್ಲಿ ಇಲಾಖೆ 1971–2020ರ ಅವಧಿಯನ್ನು ಆಧಾರವಾಗಿ ತೆಗೆದುಕೊಂಡು, 4,132 ಕೇಂದ್ರಗಳ ಲೆಕ್ಕದಿಂದ ಅದನ್ನು 868.6 ಮಿ.ಮೀ.ಗೆ ಇಳಿಸಿತು. ಮಾದರಿ ‘ವಾಡಿಕೆಯ ಶೇ 102’ ಎಂದಾಗ ಯಾವ ವಾಡಿಕೆ ಎಂದು ಕೇಳದಿದ್ದರೆ ಉತ್ತರಕ್ಕೆ ಅರ್ಥವಿಲ್ಲ.

ಇಷ್ಟನ್ನೆಲ್ಲ ಒಟ್ಟಿಗೆ ನೋಡಿದಾಗ ನನಗೆ ಅನ್ನಿಸುವುದು ಒಂದೇ. ಸಂಖ್ಯೆಯ ಜೊತೆ ಅದರ ಚರಿತ್ರೆಯೂ ಬರಬೇಕು. ಕೇಂದ್ರ ಯಾವ ವರ್ಷ ಎಲ್ಲಿತ್ತು, ಯಾವಾಗ ಜಾಗ ಬದಲಾಯಿತು, ಹಳೆಯ ಸೈಮನ್ಸ್ ಮಳೆಮಾಪಕ ತೆಗೆದು ಫೈಬರಿನದು ಯಾವಾಗ ಇಟ್ಟರು, ಇಂಚಿನಿಂದ ಮಿಲಿಮೀಟರಿಗೆ ಯಾವಾಗ ಬಂದರು, ಸುತ್ತ ಕಟ್ಟಡಗಳು ಯಾವಾಗ ಎದ್ದವು ಎಂಬುದೆಲ್ಲ ಪುಣೆಯ ಕಡತಗಳಲ್ಲಿ, ತಪಾಸಣೆ ವರದಿಗಳಲ್ಲಿ ಚದುರಿಕೊಂಡಿರುವ ಸಂಗತಿಗಳು. ಗ್ರಿಡ್ ಕಡತದ ಪ್ರತಿ ಚೌಕಕ್ಕೂ ಪ್ರತಿ ದಿನ ಎಷ್ಟು ಮಾಪಕಗಳ ಅಂಕಿ ಸೇರಿತ್ತು ಎಂಬ ಎಣಿಕೆಯನ್ನು ಅದರ ಜೊತೆಗೇ ಕೊಡಬೇಕು. ಮಾದರಿಯವರಿಗೆ ವಿಧಿಸಿದ ಶಿಸ್ತನ್ನು ಅಳತೆಯವರೂ ಒಪ್ಪಿಕೊಳ್ಳಬೇಕು. ಜಗತ್ತಿನ ಎದುರು ನಮ್ಮ ಮಾದರಿ ಪರೀಕ್ಷೆಗೆ ಕೂತಿದೆ. ಪರೀಕ್ಷಕನಾಗಿ ಕೂತಿರುವ ನಮ್ಮ ಅಳತೆಯೂ ತನ್ನ ಅರ್ಹತೆ ತೋರಿಸಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಈ ಕೆಲಸದಲ್ಲಿ ಕನ್ನಡನಾಡಿನ ಪಾಲು ಹಳೆಯದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ 1893ರಿಂದಲೇ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗದ ವೀಕ್ಷಣೆಗಳನ್ನು ವರ್ಷವರ್ಷ ಅಚ್ಚು ಹಾಕಿಸುತ್ತಿದ್ದರು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಇಂದಿಗೂ ಬೆಳಿಗ್ಗೆ ಮಾಪಕ ನೋಡಿ ‘ಇಷ್ಟಿಂಚು ಇಷ್ಟು ಸೆಂಟು’ ಎಂದು ರಿಜಿಸ್ಟರಿನಲ್ಲಿ ಬರೆಯುವ ರೂಢಿಯಿದೆ. ಸರ್ಕಾರದ ಮಾಪಕ ಎಂದೂ ತಲುಪದ ಘಟ್ಟದ ಇಳಿಜಾರುಗಳ ಮಳೆ ಆ ರಿಜಿಸ್ಟರುಗಳಲ್ಲಿದೆ, 6 ಕಿ.ಮೀ. ಚೌಕದ ಮಾದರಿಯನ್ನು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ತೋಟ ಮಾರುವಾಗ, ಮನೆ ಬದಲಿಸುವಾಗ, ಅವನ್ನು ರದ್ದಿಗೆ ಹಾಕಬೇಡಿ. ಮನೆಯಲ್ಲಿ ಅಂಥ ಪುಸ್ತಕವಿದ್ದರೆ ಅದರ ಮೊದಲ ಪುಟದಲ್ಲಿ ಮಾಪಕ ಯಾವುದು, ತೋಟದ ಯಾವ ಜಾಗದಲ್ಲಿತ್ತು, ದಿನಾ ಎಷ್ಟು ಗಂಟೆಗೆ ನೋಡುತ್ತಿದ್ದರು, ನಡುವೆ ಎಂದಾದರೂ ಮಾಪಕವನ್ನೋ ಜಾಗವನ್ನೋ ಬದಲಿಸಿದ್ದರೆ ಯಾವ ವರ್ಷ ಎಂದು ಹಿರಿಯರನ್ನು ಕೇಳಿ ಬರೆದಿಡಿ. ಪುಟಗಳ ಫೋಟೊ ತೆಗೆದು ಹತ್ತಿರದ ಕೃಷಿ ಅಥವಾ ಅರಣ್ಯ ಕಾಲೇಜಿಗೆ ಒಂದು ಪ್ರತಿ ಕೊಡಿ.